ಮಧುಮೇಹವಿಲ್ಲದವರಿಗೆ ಸಕ್ಕರೆ ಇಳಿದರೆ: ಕಾರಣ ಹುಡುಕುವುದು ಎಲ್ಲಿಂದ?

ಪ್ರಶ್ನೆ: ನನಗೆ 46 ವರ್ಷ. ಕಾಪು ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಮಧುಮೇಹ ಇಲ್ಲ. ಕೆಲವು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತರಗತಿಯಲ್ಲಿ ನಿಂತಿರುವಾಗಲೇ ಕೈ ನಡುಗಿ, ಬೆವರಿ, ಎದೆ ಹೊಡೆದುಕೊಳ್ಳುತ್ತದೆ. ಸಹೋದ್ಯೋಗಿಯ ಗ್ಲುಕೋಮೀಟರಿನಲ್ಲಿ ನೋಡಿದಾಗ ಒಮ್ಮೆ 68, ಒಮ್ಮೆ 74 ಬಂತು. ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯಲ್ಲಿ 88, ತಿಂಡಿ ತಿಂದು ಎರಡು ಗಂಟೆಯ ನಂತರ 62. ಎರಡನೆಯ ಅಂಕಿಗೆ ಕೆಂಪು ಗುರುತು. ಅಂದಿನಿಂದ ಚೀಲದಲ್ಲಿ ಚಾಕಲೇಟು ಇಟ್ಟುಕೊಂಡಿದ್ದೇನೆ, ಆರು ಕಿಲೋ ತೂಕವೂ ಏರಿದೆ. ಒಬ್ಬರು ಇದು ಮಧುಮೇಹದ ಮುನ್ಸೂಚನೆ ಎಂದರು; ಇನ್ನೊಬ್ಬರು ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಇರಬಹುದು, ಕೂಡಲೇ ಸ್ಕ್ಯಾನಿಂಗ್ ಮಾಡಿಸಿ ಎಂದು ಹೆದರಿಸಿದರು. ಪಾದ ಜೋಮು ಹಿಡಿಯುವುದಕ್ಕೆ ನರದ ಮಾತ್ರೆ ತೆಗೆದುಕೊಳ್ಳುತ್ತೇನೆ, ಬೇರೆ ಔಷಧಿ ಇಲ್ಲ. ಮನೆಯಲ್ಲಿ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ. ಮತ್ತೊಂದು ವಿಷಯ: ಒಮ್ಮೆ ದ್ವಾದಶಿಯ ಮುಂಜಾನೆ ಪಾರಣೆಗೆ ಮೊದಲು, ಇನ್ನೊಮ್ಮೆ ಜ್ವರದಿಂದ ರಾತ್ರಿ ಊಟ ಬಿಟ್ಟ ಮರುದಿನ, ನಾನು ಎದ್ದು ಕುಳಿತು ಸಂಬಂಧವಿಲ್ಲದ ಮಾತನಾಡಿದೆನಂತೆ, ಕರೆದರೆ ಸರಿಯಾಗಿ ಓಗೊಡಲಿಲ್ಲವಂತೆ. ಯಜಮಾನರು ಸಕ್ಕರೆ ಹಾಕಿದ ಚಹಾ ಕುಡಿಸಿದ ಹತ್ತು ನಿಮಿಷಕ್ಕೆ ಸರಿಯಾದೆ. ನನಗೆ ಏನೂ ನೆನಪಿಲ್ಲ. ಸಂಬಂಧಿಕರೊಬ್ಬರು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ಎನ್ನುತ್ತಿದ್ದಾರೆ. ನನ್ನ ಸಕ್ಕರೆ ನಿಜವಾಗಿಯೂ ಕಡಿಮೆಯೇ? ಯಾವ ಪರೀಕ್ಷೆ ಮಾಡಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಸುತ್ತಲಿನವರು ಎರಡನ್ನೂ ಸೇರಿಸಿ ‘ಲೋ ಶುಗರ್’ ಎಂದು ಒಂದೇ ಹೆಸರಿಟ್ಟಿದ್ದಾರೆ. ಹನ್ನೊಂದು ಗಂಟೆಯ ನಡುಕ ಒಂದು, ಊಟ ತಪ್ಪಿದ ರಾತ್ರಿ ಕಳೆದು ಮುಂಜಾನೆ ಬುದ್ಧಿ ಮಂಕಾದದ್ದು ಇನ್ನೊಂದು. ನಿಮ್ಮನ್ನು ಕಾಡುತ್ತಿರುವುದು ಮೊದಲನೆಯದು. ಕೆಂಪು ಗುರುತಿನ ವರದಿಯೂ ಅದಕ್ಕೇ ಸೇರಿದ್ದು. ಹಾರ್ಮೋನು ರೋಗಗಳ ವೈದ್ಯನಾಗಿ ನನ್ನ ಗಮನ ಹೋದದ್ದು ನೀವು ‘ಮತ್ತೊಂದು ವಿಷಯ’ ಎಂದು ಕೊನೆಗೆ ಸೇರಿಸಿದ ಎರಡನೆಯದರ ಕಡೆಗೆ. ಅದಕ್ಕೆ ಬರುವ ಮೊದಲು ಅಂಕಿಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಇಲ್ಲಿರುವ ಸಕ್ಕರೆಯ ಅಂಕಿಗಳೆಲ್ಲ ನಿಮ್ಮ ವರದಿಯಲ್ಲಿರುವಂತೆ ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.

‘70ಕ್ಕಿಂತ ಕೆಳಗಿಳಿದರೆ ಅಪಾಯ’ ಎಂಬ ಮಾತು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗಾಗಿ ಹುಟ್ಟಿದ್ದು. ಅವರ ಒಳಗಿರುವ ಔಷಧಿ ಇನ್ನೂ ಕೆಲಸ ಮಾಡುತ್ತಲೇ ಇರುವುದರಿಂದ ಸಕ್ಕರೆ ಮತ್ತಷ್ಟು ಜಾರುವ ಮೊದಲೇ ಎಚ್ಚೆತ್ತುಕೊಳ್ಳಲಿ ಎಂದು ಇಟ್ಟ ಗಡಿ ಅದು. ಔಷಧಿಯಿಲ್ಲದ ಆರೋಗ್ಯವಂತರಲ್ಲಿ ಸಕ್ಕರೆ 80ರ ಆಸುಪಾಸಿಗೆ ಬರುತ್ತಿದ್ದಂತೆಯೇ ಇನ್ಸುಲಿನ್ ಸ್ರವಿಸುವುದು ತಗ್ಗುತ್ತದೆ. 65ರಿಂದ 70ರ ನಡುವೆ ಗ್ಲುಕಗಾನ್ ಮತ್ತು ಅಡ್ರಿನಲಿನ್ ಎಂಬ ಹಾರ್ಮೋನುಗಳು ಹೊರಟು, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಅವುಗಳ ಬೆನ್ನಿಗೆ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ನಿಲ್ಲುತ್ತವೆ. ಸಾಮಾನ್ಯವಾಗಿ 55ರ ಆಸುಪಾಸಿಗೆ ಇಳಿದ ಮೇಲೆಯೇ ಲಕ್ಷಣಗಳು ಕಾಣಿಸುತ್ತವೆ, ಅದಕ್ಕೂ ಕೆಳಗೆ ಹೋದಾಗ ಮಿದುಳಿನ ಕೆಲಸ ತೊಡರತೊಡಗುತ್ತದೆ. ಮಧುಮೇಹವಿಲ್ಲದವರಲ್ಲಿ ನಾವು ಕಾರಣ ಹುಡುಕಲು ಹೊರಡುವುದು 55ಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಅಲ್ಲೂ ಅಂಕಿ ಒಂದೇ ಸಾಲದು. 1930ರ ದಶಕದಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಅಲೆನ್ ವಿಪ್ಪಲ್ ಮೂರು ಷರತ್ತುಗಳನ್ನು ಹಾಕಿದರು: ಸಕ್ಕರೆ ಇಳಿದಾಗ ಬರುವಂಥ ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿಸಿದ ಕೂಡಲೇ ಲಕ್ಷಣ ಹೋಗಬೇಕು. ವಿನಾಕಾರಣ ಯಾರ ಹೊಟ್ಟೆಯನ್ನೂ ಕೊಯ್ಯಬಾರದೆಂಬ ಎಚ್ಚರದಿಂದ ಬಂದ ಈ ನಿಯಮ ಇಂದಿಗೂ ನಮ್ಮ ಮೊದಲ ಬಾಗಿಲು.

ಈಗ ನಿಮ್ಮ 62ರ ಕಥೆ. ಊಟದ ನಂತರದ ಸಕ್ಕರೆ ಖಾಲಿ ಹೊಟ್ಟೆಯದಕ್ಕಿಂತ ಕಡಿಮೆ ಬಂದಿದೆ ಎಂದು ವರದಿ ಹಿಡಿದು ಬರುವವರು ನಮ್ಮ ಹೊರರೋಗಿ ವಿಭಾಗದಲ್ಲಿ ಪ್ರತಿದಿನವೆಂಬಂತೆ ಇರುತ್ತಾರೆ. ಬೇಗನೆ ಜೀರ್ಣವಾಗುವ ತಿಂಡಿಗೆ ಇನ್ಸುಲಿನ್ ಚುರುಕಾಗಿ ಬಂದರೆ, ಅಥವಾ ತಿಂಡಿಯೇ ಸ್ವಲ್ಪವಾಗಿದ್ದು ಲ್ಯಾಬಿಗೆ ನಡೆದುಕೊಂಡು ಹೋಗಿದ್ದರೆ, ಆರೋಗ್ಯವಂತರಲ್ಲೂ ಹಾಗಾಗುವುದುಂಟು. ಇದರ ಮೇಲೆ ರಕ್ತದ ಕೊಳವೆಯ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೆಗೆದಿಟ್ಟ ರಕ್ತದೊಳಗಿನ ಕಣಗಳು ಸುಮ್ಮನಿರುವುದಿಲ್ಲ. ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಅದನ್ನು ತಡೆಯಲೆಂದೇ ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆ ಇರುವುದು. ಅದು ಕೂಡ ಪೂರ್ತಿ ತಡೆಯಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ರಕ್ತ ತೆಗೆದದ್ದು ಕಾಪುವಿನ ಸಂಗ್ರಹ ಕೇಂದ್ರದಲ್ಲಿ, ಪರೀಕ್ಷಿಸಿದ್ದು ಮಧ್ಯಾಹ್ನ ಮಂಗಳೂರಿನಲ್ಲಿ ಎಂದಾದರೆ, ಆ 62ರ ಮೂಲ ಅಂಕಿ 75ಕ್ಕೂ ಮೇಲಿದ್ದಿರಬಹುದು. ಗ್ಲುಕೋಮೀಟರಿನ ಮಾತೂ ಅಷ್ಟೇ. 100ಕ್ಕಿಂತ ಕೆಳಗಿನ ಅಂಕಿಗಳಲ್ಲಿ 15ರಷ್ಟು ಹೆಚ್ಚು ಕಡಿಮೆ ತೋರಿಸಿದರೂ ಆ ಯಂತ್ರ ಅಂತಾರಾಷ್ಟ್ರೀಯ ಮಾನದಂಡದೊಳಗೇ ಇದ್ದಂತೆ. ಆದ್ದರಿಂದ ನೀವು ಕಂಡ 68 ನಿಜದಲ್ಲಿ 53 ಇರಬಹುದು, 83 ಕೂಡ ಇರಬಹುದು. ಮಧುಮೇಹಿಯ ದಿನನಿತ್ಯದ ಲೆಕ್ಕಾಚಾರಕ್ಕೆ ಇದು ಸಾಕು, ಮಧುಮೇಹವಿಲ್ಲದವರಲ್ಲಿ ರೋಗ ನಿರ್ಧರಿಸಲು ಸಾಲದು. ಈಚೆಗೆ ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಹಾಕಿಸಿಕೊಂಡು ರಾತ್ರಿಯಿಡೀ ‘ಲೋ’ ಬಂತೆಂದು ಗಾಬರಿಯಾಗುವವರಿದ್ದಾರೆ. ಆ ತೋಳಿನ ಮೇಲೆಯೇ ಮಲಗಿದರೆ ಒತ್ತಡದಿಂದಲೇ ಅದು ತಪ್ಪು ಅಂಕಿ ತೋರಿಸುತ್ತದೆ.

ಹಾಗಾದರೆ ಹನ್ನೊಂದು ಗಂಟೆಯ ನಡುಕ ಏನು? ನಡುಕ, ಬೆವರು, ಎದೆಬಡಿತ ಇವು ಅಡ್ರಿನಲಿನ್‌ನ ಕೆಲಸ. ಅಡ್ರಿನಲಿನ್ ಹೊರಬರಲು ಸಕ್ಕರೆ ಇಳಿಯಲೇಬೇಕೆಂದಿಲ್ಲ. ಆತಂಕ, ರಕ್ತಹೀನತೆ, ಥೈರಾಯ್ಡ್ ಹೆಚ್ಚಾಗಿರುವುದು, ಹೃದಯದ ಲಯ ತಪ್ಪುವುದು, ಇವೆಲ್ಲವೂ ಹೀಗೆಯೇ ತೋರುತ್ತವೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಬಿಸಿಯೇರಿಕೆಯನ್ನೂ ಮರೆಯಬಾರದು. ಸಿಹಿ ತಿಂದ ಮೇಲೆ ಸಮಾಧಾನವಾಯಿತೆಂಬುದು ಸಾಕ್ಷ್ಯವಾಗುವುದಿಲ್ಲ. ಸಿಹಿ ತಿನ್ನುವಾಗ ನೀವು ಕುಳಿತುಕೊಂಡಿರುತ್ತೀರಿ, ಹತ್ತು ನಿಮಿಷ ಕಳೆದಿರುತ್ತದೆ. ಇನ್ನು ಕೆಲವರಲ್ಲಿ ನೀರ್‌ದೋಸೆಯ ಜೊತೆಗೆ ಸಿಹಿ ಚಹಾದಂಥ ತಿಂಡಿಯಿಂದ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ; ಇಳಿದು ನಿಲ್ಲುವ ಜಾಗ ಅಪಾಯದ್ದಲ್ಲದಿದ್ದರೂ ಆ ವೇಗಕ್ಕೇ ದೇಹ ಬೆಚ್ಚುತ್ತದೆ. ಅಂಥವರು ಬೆಳಗಿನ ತಿಂಡಿಗೆ ಹೆಸರುಕಾಳಿನ ಉಸಲಿ, ಬೇಯಿಸಿದ ಕಡಲೆ, ಮೊಸರು ಸೇರಿಸಿಕೊಂಡು ಚಹಾದ ಸಕ್ಕರೆ ಕಡಿಮೆ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇದು ಮಧುಮೇಹದ ಮುನ್ಸೂಚನೆ ಎಂದವರ ಮಾತಿನಲ್ಲಿ ಸ್ವಲ್ಪ ನಿಜವಿದೆ: ಮಧುಮೇಹದ ಆರಂಭದಲ್ಲಿ ಇನ್ಸುಲಿನ್ ತಡವಾಗಿ, ಆದರೆ ಹೆಚ್ಚಾಗಿ ಬರುವುದರಿಂದ ಊಟವಾಗಿ ಮೂರು ನಾಲ್ಕು ಗಂಟೆಗೆ ಕೆಲವರಿಗೆ ಹೀಗಾಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಹೊಟ್ಟೆಯ ಅಥವಾ ಬೊಜ್ಜಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಊಟದ ನಂತರ ಸಕ್ಕರೆ ನಿಜವಾಗಿಯೇ ತೀರಾ ಇಳಿಯಬಹುದು. ನಿಮ್ಮ ಪತ್ರದಲ್ಲಿ ಅಂಥ ಉಲ್ಲೇಖವಿಲ್ಲ.

ಗ್ಲೂಕೋಸ್ ನೀರು ಕುಡಿಸಿ ಐದು ಗಂಟೆ ಕಾಯುವ ಪರೀಕ್ಷೆಯನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಆರೋಗ್ಯವಂತರಲ್ಲಿ ಸಾಕಷ್ಟು ಮಂದಿಗೆ ಆ ಪರೀಕ್ಷೆಯಲ್ಲಿ ಸಕ್ಕರೆ ಇಳಿಯುತ್ತದೆ. ಇಲ್ಲದ ರೋಗಕ್ಕೆ ಹೆಸರು ಕೊಡುವುದಷ್ಟೇ ಅದರ ಫಲ. ಊಟದ ನಂತರದ ತೊಂದರೆಯನ್ನೇ ನೋಡಬೇಕೆಂದಿದ್ದರೆ ನಿಮಗೆ ತೊಂದರೆ ಕೊಡುವಂಥ ಊಟವನ್ನೇ ಕೊಟ್ಟು, ಐದು ಗಂಟೆಯವರೆಗೆ ರಕ್ತ ತೆಗೆದು ನೋಡುವ ವಿಧಾನವಿದೆ. ನಿಮಗೆ ಸದ್ಯಕ್ಕೆ ಅದು ಬೇಕಿಲ್ಲ.

ಇನ್ನು ಮುಂಜಾನೆಯ ಎರಡು ಘಟನೆಗಳು. ಏಕಾದಶಿಯಂದು ಪೂರ್ತಿ ಉಪವಾಸವಿದ್ದು ಮರುದಿನ ಪಾರಣೆ ಮಾಡುವವರು ಉಡುಪಿಯ ಸುತ್ತ ಸಾವಿರಾರು ಮಂದಿ; ರಂಜಾನ್ ತಿಂಗಳಿಡೀ ಹಗಲು ಉಪವಾಸ ಮಾಡುವವರೂ ಹಾಗೆಯೇ. ಅವರಿಗೆ ತಲೆನೋವು, ಸುಸ್ತು, ಸಿಡುಕು ಬರಬಹುದು, ಬುದ್ಧಿ ಮಂಕಾಗುವುದಿಲ್ಲ. ಆರೋಗ್ಯವಂತ ದೇಹಕ್ಕೆ ಒಂದು ದಿನದ ಉಪವಾಸವನ್ನು ದಾಟುವುದು ಕಷ್ಟವಲ್ಲ. ಯಕೃತ್ತಿನ ದಾಸ್ತಾನು ಹೆಚ್ಚುಕಡಿಮೆ ಒಂದು ದಿನಕ್ಕೆ ಸಾಲುತ್ತದೆ. ಅದು ಕರಗುತ್ತ ಬಂದಂತೆ ಯಕೃತ್ತು ಮತ್ತು ಮೂತ್ರಪಿಂಡ ಬೇರೆ ವಸ್ತುಗಳಿಂದ ಹೊಸ ಸಕ್ಕರೆಯನ್ನು ತಯಾರಿಸುತ್ತವೆ, ಜೊತೆಗೆ ಕೊಬ್ಬಿನಿಂದ ಹುಟ್ಟುವ ಕೀಟೋನುಗಳನ್ನು ಮಿದುಳು ಬಳಸತೊಡಗುತ್ತದೆ. ದೀರ್ಘ ಉಪವಾಸದಲ್ಲಿ ಕೆಲವು ಆರೋಗ್ಯವಂತ ಹೆಂಗಸರ ಸಕ್ಕರೆ 40ರ ಆಸುಪಾಸಿಗೆ ಬಂದರೂ ಅವರು ಸ್ವಸ್ಥವಾಗಿಯೇ ಇರುವುದು ಇದರಿಂದ. ನಿಮಗೆ ಆದದ್ದು ಬೇರೆ. ಊಟವಿಲ್ಲದ ರಾತ್ರಿಯ ನಂತರ ಸಂಬಂಧವಿಲ್ಲದ ಮಾತು, ಸಿಹಿಯಿಂದ ಹತ್ತು ನಿಮಿಷಕ್ಕೆ ಗುಣ, ಆ ಹೊತ್ತಿನ ನೆನಪು ಅಳಿದದ್ದು, ಹೀಗೆ ಎರಡು ಬಾರಿ. ವಿಪ್ಪಲ್‌ರ ಮೂರು ಷರತ್ತುಗಳಲ್ಲಿ ಮೊದಲನೆಯದೂ ಮೂರನೆಯದೂ ಇಲ್ಲಿವೆ. ನಡುವಿನದು, ಅಂದರೆ ಆ ಹೊತ್ತಿನ ರಕ್ತದ ಅಂಕಿ, ಇಲ್ಲ. ನಿಮ್ಮ ತಪಾಸಣೆಯೆಲ್ಲ ಆ ಒಂದು ಅಂಕಿಯನ್ನು ಹಿಡಿಯುವುದರ ಸುತ್ತಲೇ ಇದೆ. ಪ್ರಶ್ನೆ ಇಡಿಸುವುದು ಬಿಡುವುದು ನಿಮ್ಮ ಮನೆಯ ವಿಚಾರ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಅದಕ್ಕಾಗಿ ಈ ತಪಾಸಣೆ ಒಂದು ವಾರವೂ ಹಿಂದೆ ಬೀಳಬಾರದು. ಇಂಥ ತೊಂದರೆಗೆ ಹಲವು ವರ್ಷ ಫಿಟ್ಸ್ ಮಾತ್ರೆ ತಿಂದವರನ್ನೂ, ಮನೋರೋಗವೆಂದು ಹೇಳಿಸಿಕೊಂಡವರನ್ನೂ ವೈದ್ಯರು ಕಂಡಿದ್ದಾರೆ.

ಕಾರಣ ಹುಡುಕುವಾಗ ನಾನು ಮೊದಲು ಕೇಳುವುದು ರಕ್ತವನ್ನಲ್ಲ, ಮನೆಯಲ್ಲಿರುವ ಮಾತ್ರೆಗಳನ್ನು. ವಯಸ್ಕರಲ್ಲಿ ಸಕ್ಕರೆ ಇಳಿಯಲು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಮಧುಮೇಹದ ಔಷಧಿ; ಮಧುಮೇಹವಿಲ್ಲದವರ ಹೊಟ್ಟೆಗೂ ಅದು ಸೇರುವುದುಂಟು. ನಿಮ್ಮ ಅತ್ತೆಯವರ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇದೆಯೇ ನೋಡಿ. ಔಷಧಿ ಅಂಗಡಿಯಲ್ಲಿ ಹತ್ತು ಮಾತ್ರೆಯ ಶೀಟನ್ನು ಕತ್ತರಿಸಿ ಕೊಟ್ಟಾಗ ಹೆಸರಿನ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಒಂದೇ ಡಬ್ಬಿಯಲ್ಲಿ ಇಬ್ಬರ ಮಾತ್ರೆ ಇದ್ದರೆ, ರಾತ್ರಿ ಕನ್ನಡಕವಿಲ್ಲದೆ ಕೈಗೆ ಸಿಕ್ಕ ಸಣ್ಣ ಮಾತ್ರೆ ನುಂಗಿದರೆ, ಮುಂಜಾನೆ ಹೀಗೆ ಆಗಲು ಮತ್ತೇನೂ ಬೇಡ. ಹೆಸರು ಹೋಲುವ ಬೇರೆ ಮಾತ್ರೆಯನ್ನು ಅಂಗಡಿಯವರು ಕೊಟ್ಟುಬಿಡುವುದೂ ಉಂಟು. ಅತ್ತೆಯವರ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ: ವಯಸ್ಸಾದ ಮಧುಮೇಹಿಗೆ ಇದ್ದಕ್ಕಿದ್ದಂತೆ ಸಕ್ಕರೆ ‘ಚೆನ್ನಾಗಿ ಕಂಟ್ರೋಲ್’ ಆಗತೊಡಗಿದರೆ ಸಂತೋಷಪಡುವ ಮೊದಲು ಕ್ರಿಯಾಟಿನಿನ್ ನೋಡಿಸಬೇಕು, ಏಕೆಂದರೆ ಮೂತ್ರಪಿಂಡ ಸೋತಾಗ ಈ ಮಾತ್ರೆಗಳು ದೇಹದಲ್ಲೇ ಉಳಿದು ಎರಡು ಮೂರು ದಿನ ಸಕ್ಕರೆಯನ್ನು ಕೆಳಗೆಳೆಯುತ್ತಿರುತ್ತವೆ.

ನಿಮ್ಮ ನರದ ಮಾತ್ರೆಯ ಬಗ್ಗೆ ನಿಮಗೆ ಅನುಮಾನವೇ ಬಂದಂತಿಲ್ಲ, ನನಗೆ ಇದೆ. ನಮ್ಮಲ್ಲಿ ಜೋಮಿಗೆ ಕೊಡುವ ಅನೇಕ ಮಾತ್ರೆಗಳಲ್ಲಿ ಮೀಥೈಲ್‌ಕೋಬಾಲಮಿನ್ ಜೊತೆಗೆ ಆಲ್ಫಾ ಲಿಪೋಯಿಕ್ ಆಮ್ಲವೂ ಇರುತ್ತದೆ. ಬಹುಪಾಲು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ತೀರಾ ಕೆಲವರಲ್ಲಿ ಮಾತ್ರ ಅದು ತಮ್ಮದೇ ಇನ್ಸುಲಿನ್‌ಗೆ ವಿರುದ್ಧವಾದ ಪ್ರತಿಕಾಯಗಳು ಹುಟ್ಟಲು ಕಾರಣವಾಗುತ್ತದೆ. ಆ ಪ್ರತಿಕಾಯಗಳು ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡು, ಬೇಡದ ಹೊತ್ತಿನಲ್ಲಿ, ಹೆಚ್ಚಾಗಿ ಊಟವಾಗಿ ಕೆಲವು ಗಂಟೆಗೆ ಅಥವಾ ನಡುರಾತ್ರಿಯ ನಂತರ, ಬಿಟ್ಟುಬಿಡುತ್ತವೆ. 1970ರಲ್ಲಿ ಜಪಾನಿನ ಹಿರಾತ ವರ್ಣಿಸಿದ ಈ ರೋಗ ಅವರ ಹೆಸರಿನಿಂದಲೇ ಪರಿಚಿತ. ಥೈರಾಯ್ಡ್ ಹೆಚ್ಚಾದವರಿಗೆ ಕೊಡುವ ಕಾರ್ಬಿಮಜೋಲ್‌ನಿಂದಲೂ ಇದು ಬರಬಹುದು. ಔಷಧಿ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವು ವಾರ ಅಥವಾ ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇದನ್ನು ಗುರುತಿಸದೆ ಶಸ್ತ್ರಚಿಕಿತ್ಸೆಯವರೆಗೆ ಹೋದರೆ ಅದು ಅನ್ಯಾಯ. ನಿಮ್ಮ ಶೀಟಿನ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ, ಆಲ್ಫಾ ಲಿಪೋಯಿಕ್ ಆಮ್ಲ ಇದ್ದರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ ಇಂದೇ ನಿಲ್ಲಿಸಿ. ನಿಲ್ಲಿಸುವುದರಿಂದ ನಷ್ಟವಿಲ್ಲ, ಆದರೆ ಶೀಟನ್ನು ಎಸೆಯಬೇಡಿ.

ಹೆಸರಿಲ್ಲದ ಪುಡಿ, ಕಷಾಯ, ಗುಳಿಗೆಗಳನ್ನೂ ಮುಚ್ಚಿಡದೆ ತೋರಿಸಿ. 2008ರಲ್ಲಿ ಸಿಂಗಾಪುರದಲ್ಲಿ ಲೈಂಗಿಕ ಶಕ್ತಿಯ ಕಳ್ಳ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತಿದ್ದರಿಂದ ಮಧುಮೇಹವಿಲ್ಲದ ಅನೇಕ ಗಂಡಸರು ಸಕ್ಕರೆ ಇಳಿದು ಆಸ್ಪತ್ರೆ ಸೇರಿದ್ದರು, ಕೆಲವರು ಸತ್ತರು. ಗಂಟುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದು ನಮ್ಮ ಊರುಗಳಲ್ಲೂ ಹೊಸತಲ್ಲ. ತಿಂಗಳುಗಟ್ಟಲೆ ತಿಂದು ಒಮ್ಮೆಗೇ ನಿಲ್ಲಿಸಿದರೆ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೂಡಲೇ ಎಚ್ಚರಗೊಳ್ಳದೆ ಸಕ್ಕರೆಯೂ ರಕ್ತದೊತ್ತಡವೂ ಕುಸಿಯುತ್ತವೆ. ಇನ್ನು ಮಲೇರಿಯಾ ಮಂಗಳೂರಿಗೆ ಅಪರಿಚಿತವಲ್ಲವಾದ್ದರಿಂದ ಒಂದು ಮಾತು: ತೀವ್ರ ಮಲೇರಿಯಾ ತಾನೇ ಸಕ್ಕರೆಯನ್ನು ಇಳಿಸಬಲ್ಲದು, ಅದಕ್ಕೆ ಕೆಲವೊಮ್ಮೆ ಕೊಡುವ ಕ್ವಿನೈನ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿ ಇನ್ನಷ್ಟು ಇಳಿಸಬಲ್ಲದು. ನಿಮ್ಮ ಎರಡನೆಯ ಘಟನೆ ಜ್ವರದ ಸಮಯದ್ದಾದ್ದರಿಂದ ಆಗ ಏನು ಜ್ವರವಿತ್ತು, ಯಾವ ಔಷಧಿ ಕೊಟ್ಟಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಕೆಲವು ಆ್ಯಂಟಿಬಯೋಟಿಕ್‌ಗಳೂ, ನೋವಿಗೆ ಕೊಡುವ ಟ್ರಮಡಾಲ್ ಕೂಡ ಅಪರೂಪಕ್ಕೆ ಹೀಗೆ ಮಾಡುತ್ತವೆ. ಊಟವಿಲ್ಲದೆ ಮದ್ಯ ಕುಡಿದವರಲ್ಲಿ ಯಕೃತ್ತು ಹೊಸ ಸಕ್ಕರೆ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಮರುದಿನ ಎಚ್ಚರವಾಗದವನನ್ನು ಅಮಲಿಳಿದಿಲ್ಲವೆಂದು ಮಲಗಲು ಬಿಡುವುದು ಅಪಾಯಕಾರಿ.

ಔಷಧಿಗಳಿಂದಲ್ಲವೆಂದು ಖಚಿತವಾದ ಮೇಲೆ ದೇಹದೊಳಗಿನ ಕಾರಣಗಳು. ಯಕೃತ್ತು, ಮೂತ್ರಪಿಂಡ ತೀರಾ ಸೋತಾಗ, ರಕ್ತಕ್ಕೆ ನಂಜೇರಿದಾಗ ಸಕ್ಕರೆ ಇಳಿಯುತ್ತದೆ. ಅಂಥವರು ಹಾಸಿಗೆ ಹಿಡಿದಿರುತ್ತಾರೆ, ಶಾಲೆಯಲ್ಲಿ ಪಾಠ ಮಾಡುತ್ತಿರುವುದಿಲ್ಲ. ಹಾರ್ಮೋನಿನ ಕೊರತೆಯನ್ನು ಮಾತ್ರ ನಾನು ನಿಮ್ಮಲ್ಲಿ ಬಿಡದೆ ನೋಡಬಯಸುತ್ತೇನೆ. ಹೆರಿಗೆಯ ಸಮಯದಲ್ಲಿ ನಿಮಗೆ ವಿಪರೀತ ರಕ್ತ ಹೋಗಿತ್ತೇ? ಆಮೇಲೆ ಎದೆಹಾಲು ಬರಲಿಲ್ಲವೇ, ಮುಟ್ಟು ಮರಳಲಿಲ್ಲವೇ? ರಕ್ತಸ್ರಾವದಿಂದ, ಮಿದುಳಿನ ಬುಡದಲ್ಲಿದ್ದು ಬೇರೆ ಹಾರ್ಮೋನು ಗ್ರಂಥಿಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿ ಹಾಳಾಗುವ ಶೀಹನ್ ರೋಗ ನಮ್ಮ ದೇಶದ ಹೆಂಗಸರಲ್ಲಿ ಇನ್ನೂ ಕಾಣಸಿಗುತ್ತದೆ. ಹೆರಿಗೆಯಾಗಿ ಹತ್ತು ಹದಿನೈದು ವರ್ಷ ಸುಸ್ತಿನಲ್ಲೇ ದಿನ ತಳ್ಳಿ, ಒಂದು ಜ್ವರದಲ್ಲಿ ಊಟ ಬಿಟ್ಟಾಗ ಸಕ್ಕರೆ ಕುಸಿದು ಮೊದಲ ಸಲ ಪತ್ತೆಯಾಗುವವರಿದ್ದಾರೆ. ಅಡ್ರಿನಲ್ ಗ್ರಂಥಿಯೇ ಕೆಟ್ಟಿದ್ದರೆ, ನಮ್ಮಲ್ಲಿ ಅದಕ್ಕೆ ಕ್ಷಯವೂ ಒಂದು ಮುಖ್ಯ ಕಾರಣ, ಅಂಗೈಯ ಗೆರೆ ಮತ್ತು ಒಸಡು ಕಪ್ಪಾಗುತ್ತದೆ, ತೂಕ ಇಳಿಯುತ್ತದೆ, ಉಪ್ಪಿನ ಬಯಕೆಯಾಗುತ್ತದೆ. ನಿಮ್ಮ ತೂಕ ಏರಿರುವುದರಿಂದ ಇದು ಅಷ್ಟಾಗಿ ಹೊಂದುವುದಿಲ್ಲ, ಆದರೆ ಬೆಳಿಗ್ಗೆ ಎಂಟು ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಸುಲಭ. ಅದು ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಹೆಚ್ಚುಕಡಿಮೆ ಖಚಿತ, 15ಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ಇಲ್ಲ. ನಡುವೆ ಬಂದರೆ ಚುಚ್ಚುಮದ್ದು ಕೊಟ್ಟು ಮತ್ತೆ ನೋಡಬೇಕಾಗುತ್ತದೆ.

ಉಳಿದದ್ದು ನಿಮ್ಮನ್ನು ಹೆದರಿಸಿದ ಗಡ್ಡೆ. ಇನ್ಸುಲಿನೋಮ ಎಂಬ ಈ ಗಡ್ಡೆ ಬಹಳ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ನಾಲ್ವರಿಗೆ ಎಂದು ಲೆಕ್ಕ. ಬಂದವರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಕ್ಯಾನ್ಸರ್ ಅಲ್ಲ, ಒಂದೇ ಗಡ್ಡೆ, ಹೆಚ್ಚಾಗಿ ಎರಡು ಸೆಂಟಿಮೀಟರಿಗಿಂತ ಚಿಕ್ಕದು. ಸಕ್ಕರೆ ಇಳಿದರೂ ಅದು ಇನ್ಸುಲಿನ್ ಸುರಿಸುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದಲೇ ಊಟ ತಪ್ಪಿದ ಮುಂಜಾನೆ, ಇಲ್ಲವೇ ಹೆಚ್ಚು ನಡೆದ ದಿನ ಅದರ ಉಪದ್ರವ ಬಯಲಾಗುತ್ತದೆ. ತೊಂದರೆ ತಪ್ಪಿಸಲು ಆಗಾಗ ತಿನ್ನುವುದರಿಂದ ಅನೇಕರ ತೂಕ ಏರುತ್ತದೆ. ನಿಮ್ಮ ಆರು ಕಿಲೋ ಅದರಿಂದಲೋ ಬರೀ ಚಾಕಲೇಟಿನಿಂದಲೋ ಎಂದು ದೂರದಿಂದ ಹೇಳಲಾಗದು.

ಹಾಗಿದ್ದರೆ ಮೊದಲು ಸ್ಕ್ಯಾನಿಂಗ್ ಏಕೆ ಬೇಡ? ಚಿಕ್ಕ ಗಡ್ಡೆ ಸ್ಕ್ಯಾನಿನಲ್ಲಿ ಕಾಣದೆ ಹೋದರೆ ರೋಗವೇ ಇಲ್ಲವೆಂದು ನೀವು ನಿಶ್ಚಿಂತರಾಗುತ್ತೀರಿ. ಏನೂ ಮಾಡದ ಬೇರೆ ಗುಳ್ಳೆಯೊಂದು ಕಂಡರೆ ಅದೇ ಕಾರಣವೆಂದು ನಾವು ಅದರ ಹಿಂದೆ ಬೀಳುತ್ತೇವೆ. ಇನ್ಸುಲಿನ್ ಹೆಚ್ಚಿದೆ ಎಂದು ರಕ್ತ ಹೇಳಿದ ಮೇಲೆಯೇ ಎಲ್ಲಿಂದ ಎಂದು ಸ್ಕ್ಯಾನ್ ಹೇಳಬೇಕು. ಸಕ್ಕರೆ ಸರಿಯಿರುವಾಗ ಇನ್ಸುಲಿನ್ ಅಳೆಸುವುದೂ ಹಣ ದಂಡ. 90 ಇರುವಾಗ ಇನ್ಸುಲಿನ್ ಇರಲೇಬೇಕು. ಕೇಳಬೇಕಾದ ಪ್ರಶ್ನೆ, 50ಕ್ಕೆ ಇಳಿದಾಗಲೂ ಏಕಿದೆ ಎಂಬುದು.

ಆ ಕ್ಷಣದ ರಕ್ತವನ್ನು ಮನೆಯಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಆಸ್ಪತ್ರೆಯಲ್ಲಿ ದಾಖಲಿಸಿಕೊಂಡು, ಹೆಚ್ಚೆಂದರೆ 72 ಗಂಟೆಗಳ ಉಪವಾಸ ಮಾಡಿಸುತ್ತಾರೆ. ನೀರು, ಸಕ್ಕರೆ ಹಾಲು ಕೆಫೀನ್ ಇಲ್ಲದ ಪಾನೀಯ ಕುಡಿಯಬಹುದು, ಓಡಾಡಬಹುದು. ಆರು ಗಂಟೆಗೊಮ್ಮೆ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ, 60ಕ್ಕಿಂತ ಕೆಳಗಿಳಿದ ಮೇಲೆ ಒಂದೆರಡು ಗಂಟೆಗೊಮ್ಮೆ. ಲಕ್ಷಣ ಕಾಣಿಸಿ ಸಕ್ಕರೆ 45ಕ್ಕಿಂತ ಕಡಿಮೆಯಾದಾಗ, ಇಲ್ಲವೇ ವಿಪ್ಪಲ್‌ರ ಮೂರೂ ಷರತ್ತು ಮೊದಲೇ ಖಚಿತವಾಗಿದ್ದವರಲ್ಲಿ 55ಕ್ಕಿಂತ ಕಡಿಮೆಯಾದಾಗ, ನಿಲ್ಲಿಸುತ್ತಾರೆ. ಗಡ್ಡೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ 24 ಗಂಟೆಯಲ್ಲೇ, ಬಹುತೇಕ ಎಲ್ಲರಿಗೂ 48 ಗಂಟೆಯೊಳಗೆ ಅದು ತೋರಿಬಿಡುತ್ತದೆ. ಸಕ್ಕರೆ ಇಳಿದಾಗ ಗೊಂದಲ, ಅಪರೂಪಕ್ಕೆ ಫಿಟ್ಸ್ ಬರಬಹುದು. ರಕ್ತನಾಳಕ್ಕೆ ಸೂಜಿ ಹಾಕಿಟ್ಟು ದಾದಿಯರು ಪಕ್ಕದಲ್ಲೇ ಇರುವುದು ಅದಕ್ಕಾಗಿ. ಆದ್ದರಿಂದ ಮುಂದಿನ ಏಕಾದಶಿಯನ್ನೇ ಪರೀಕ್ಷೆಯನ್ನಾಗಿ ಮಾಡಿಕೊಳ್ಳಬೇಡಿ. ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಹಾರ್ಮೋನು ರೋಗಗಳ ವಿಭಾಗವಿರುವಲ್ಲಿ ಈ ಪರೀಕ್ಷೆಗೆ ನೀವು ದೂರ ಹೋಗಬೇಕಾಗಿಲ್ಲ.

ಸಕ್ಕರೆ ಇಳಿದ ಆ ಕ್ಷಣದ ರಕ್ತ ಬಹಳಷ್ಟು ಹೇಳುತ್ತದೆ. ಮೇದೋಜೀರಕ ಗ್ರಂಥಿ ಮೊದಲು ತಯಾರಿಸುವ ದೊಡ್ಡ ಅಣುವೊಂದು ಕತ್ತರಿಸಿದಾಗ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎಂಬ ಎರಡು ತುಂಡುಗಳು ಸಮಸಂಖ್ಯೆಯಲ್ಲಿ ಹೊರಬರುತ್ತವೆ. ಕಂಪನಿಯ ಇನ್ಸುಲಿನ್ ಬಾಟಲಿಯಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹೀಗಾಗಿ ಇನ್ಸುಲಿನ್ ಹೆಚ್ಚು, ಸಿ-ಪೆಪ್ಟೈಡ್ ಕಡಿಮೆ ಎಂದಾದರೆ ಅದು ಹೊರಗಿನಿಂದ ಚುಚ್ಚಿದ ಇನ್ಸುಲಿನ್. ಸಕ್ಕರೆ 55ಕ್ಕಿಂತ ಕೆಳಗಿರುವಾಗ ಇನ್ಸುಲಿನ್ ಮಿಲಿಲೀಟರಿಗೆ 3 ಮೈಕ್ರೋಯೂನಿಟ್ ಅಥವಾ ಹೆಚ್ಚು, ಸಿ-ಪೆಪ್ಟೈಡ್ 0.6 ನ್ಯಾನೋಗ್ರಾಂ ಅಥವಾ ಹೆಚ್ಚು ಇದ್ದರೆ ಅದು ನಿಮ್ಮದೇ ಗ್ರಂಥಿಯಿಂದ ಬಂದದ್ದು. ಅಲ್ಲಿಗೂ ಮುಗಿಯಲಿಲ್ಲ, ಏಕೆಂದರೆ ಗ್ಲಿಮೆಪಿರೈಡಿನಂಥ ಮಾತ್ರೆಯೂ ಗ್ರಂಥಿಯನ್ನು ಹಿಂಡಿ ಇದೇ ಚಿತ್ರವನ್ನು ಕೊಡುತ್ತದೆ. ಅದೇ ಮಾದರಿಯಲ್ಲಿ ಈ ಮಾತ್ರೆಗಳ ಅಂಶವಿದೆಯೇ ಎಂಬ ಪರೀಕ್ಷೆಯೂ ಆಗಬೇಕು. ಎಲ್ಲ ಲ್ಯಾಬ್‌ಗಳಲ್ಲಿ ಅದು ಆಗುವುದಿಲ್ಲ, ಹೊರಗೆ ಕಳುಹಿಸಬೇಕಾಗುತ್ತದೆ, ಕಷ್ಟವೆಂದು ಬಿಡಬಾರದು. ಅದನ್ನು ಕೇಳಿದ್ದಕ್ಕೆ ನಿಮ್ಮ ಮೇಲೆ ಅನುಮಾನವೆಂದು ತಿಳಿಯಬೇಡಿ, ಎಲ್ಲರಿಗೂ ಮಾಡಿಸುವಂಥದ್ದೇ. ಹಿರಾತ ರೋಗದಲ್ಲಿ ಇನ್ಸುಲಿನ್ ಅಂಕಿ ನೂರು, ಸಾವಿರ ದಾಟಿ ಹೋಗುತ್ತದೆ, ಇನ್ಸುಲಿನ್ ಪ್ರತಿಕಾಯದ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಎಲ್ಲವೂ ಕಡಿಮೆ, ಕೀಟೋನುಗಳು ಮಾತ್ರ ಹೆಚ್ಚು ಎಂದಾದರೆ ಇನ್ಸುಲಿನ್ ನಿರಪರಾಧಿ. ಆಗ ಕಾರ್ಟಿಸಾಲ್, ಯಕೃತ್ತು, ಮದ್ಯದ ಕಡೆ ತಿರುಗಬೇಕು. ಇನ್ಸುಲಿನ್ನೂ ಕಡಿಮೆ, ಕೀಟೋನೂ ಕಡಿಮೆ ಎಂಬ ವಿಚಿತ್ರ ಜೋಡಿ ಬಂದರೆ ಇನ್ಸುಲಿನ್ನಿನಂತೆ ನಟಿಸುವ ವಸ್ತುವನ್ನು ಸ್ರವಿಸುವ ಬೇರೆ ದೊಡ್ಡ ಗಡ್ಡೆ ಇದೆಯೇ ಎಂದು ನೋಡುತ್ತಾರೆ. ಅದು ಇನ್ನೂ ಅಪರೂಪ.

ರಕ್ತವು ಇನ್ಸುಲಿನೋಮದ ಕಡೆ ಬೊಟ್ಟು ಮಾಡಿದರೆ ಆಗ ಸಿ.ಟಿ. ಅಥವಾ ಎಂ.ಆರ್.ಐ., ಅದರಲ್ಲಿ ಕಾಣದಿದ್ದರೆ ಬಾಯಿಯ ಮೂಲಕ ಹೊಟ್ಟೆಯೊಳಗಿನಿಂದ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಇನ್ನೂ ಸಿಗದವರಿಗೆ ವಿಶೇಷ ಪೆಟ್ ಸ್ಕ್ಯಾನ್. ಮನೆತನದಲ್ಲಿ ಪದೇ ಪದೇ ಮೂತ್ರಕಲ್ಲು, ಕ್ಯಾಲ್ಸಿಯಂ ಹೆಚ್ಚಿರುವುದು, ಪಿಟ್ಯುಟರಿ ಗಡ್ಡೆ ಇದ್ದರೆ ಹೇಳಿ. ಕೆಲವರಲ್ಲಿ ಇದು ವಂಶದಲ್ಲಿ ಬರುವ ರೋಗದ ಭಾಗ, ಆಗ ಗಡ್ಡೆಗಳೂ ಒಂದಕ್ಕಿಂತ ಹೆಚ್ಚಿರುತ್ತವೆ. ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಗಾಯದಿಂದ ಮೇದೋಜೀರಕ ರಸ ಸೋರುವುದು ಅದರ ಮುಖ್ಯ ತೊಡಕು. ಹೆಚ್ಚಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಆದರೆ ಆಸ್ಪತ್ರೆವಾಸ ಉದ್ದವಾಗುತ್ತದೆ. ಗ್ರಂಥಿಯ ದೊಡ್ಡ ಭಾಗವನ್ನೇ ತೆಗೆಯಬೇಕಾಗಿ ಬಂದರೆ ಮುಂದೆ ಮಧುಮೇಹ ಬರಬಹುದು. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ, ತಾಳಲಾರದವರಿಗೆ ಡಯಾಜಾಕ್ಸೈಡ್ ಮಾತ್ರೆ ಇದೆ. ಕಾಲು ಊದುವುದು, ಮೈಮೇಲೆ ಕೂದಲು ಬೆಳೆಯುವುದು ಅದರ ತೊಂದರೆಗಳು. ಎಂಡೋಸ್ಕೋಪಿನ ಸೂಜಿಯಿಂದ ಗಡ್ಡೆಯನ್ನು ಸುಡುವ ವಿಧಾನವೂ ಬಂದಿದೆ. ಎಲ್ಲ ಕಡೆ ಲಭ್ಯವಿಲ್ಲ.

ಈ ತಪಾಸಣೆ ಆಗುವವರೆಗೆ ಉಪವಾಸ ಬೇಡ. ಅಶಕ್ತರಿಗೆ ಹಾಲು ಹಣ್ಣಿನ ಅವಕಾಶ ಸಂಪ್ರದಾಯದಲ್ಲೇ ಇದೆ, ನಿಮಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು, ಮಲಗುವ ಮೊದಲು ಅನ್ನವೋ ಅವಲಕ್ಕಿಯೋ ಹೊಟ್ಟೆಯಲ್ಲಿರಲಿ. ಸ್ವಂತ ಗ್ಲುಕೋಮೀಟರ್ ಒಂದನ್ನು ಹಾಸಿಗೆಯ ಬಳಿ ಇಟ್ಟು ಯಜಮಾನರಿಗೆ ಬಳಸಲು ಕಲಿಸಿ. ಮತ್ತೆ ಹಾಗಾದರೆ ಬೆರಳು ಚುಚ್ಚಿ ಅಂಕಿ ಬರೆದುಕೊಂಡು ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಲಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಲಿ. ಯಂತ್ರ ಸಿಗಲಿಲ್ಲವೆಂದು ಸಕ್ಕರೆ ಕೊಡುವುದನ್ನು ತಡಮಾಡಬಾರದು. ಚಾಕಲೇಟಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ, ಬೊಂಡದ ನೀರಿನಲ್ಲಿ ಎಷ್ಟು ಸಕ್ಕರೆ ಇದೆಯೆಂಬುದು ಕಾಯಿಗೊಂದು ಬಗೆ. ಎರಡನ್ನೂ ಇದಕ್ಕೆ ನಂಬಬೇಡಿ. ನುಂಗಲಾಗದ ಸ್ಥಿತಿಯಿದ್ದರೆ ಬಾಯಿಗೆ ಏನನ್ನೂ ಹೊಯ್ಯದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಲಿ. ತುರ್ತು ವಿಭಾಗದಲ್ಲಿ ಗ್ಲೂಕೋಸ್ ಏರಿಸುವ ಮೊದಲು ಒಂದು ಕೊಳವೆ ರಕ್ತ ತೆಗೆದಿಡಿ ಎಂದು ಅವರು ಕೇಳಿಕೊಂಡರೆ, ಆ ಒಂದು ನಿಮಿಷ ನಿಮ್ಮನ್ನು ಮೂರು ದಿನದ ಉಪವಾಸದಿಂದ ಪಾರುಮಾಡಲೂಬಹುದು.

ಹನ್ನೊಂದು ಗಂಟೆಯ ನಡುಕಕ್ಕೆ ಹಿಮೋಗ್ಲೋಬಿನ್, ಥೈರಾಯ್ಡ್, ಎಚ್‌ಬಿಎ1ಸಿ, ಇ.ಸಿ.ಜಿ. ಸಾಕು, ಇವನ್ನು ನಿಮ್ಮ ಊರಿನ ವೈದ್ಯರೇ ಮಾಡಿಸಬಲ್ಲರು. ಮುಂಜಾನೆಯ ವಿಚಾರಕ್ಕೆ ಹಾರ್ಮೋನು ತಜ್ಞರನ್ನು ಈ ವಾರದಲ್ಲೇ ಕಾಣಿ. ಹೋಗುವಾಗ ನಿಮ್ಮ ಮತ್ತು ಅತ್ತೆಯವರ ಎಲ್ಲ ಮಾತ್ರೆಗಳನ್ನು ಕತ್ತರಿಸಿದ ಶೀಟು ಸಮೇತ ತೆಗೆದುಕೊಂಡು ಹೋಗಿ, ಯಜಮಾನರೂ ಜೊತೆಗಿರಲಿ, ಏಕೆಂದರೆ ಅಂದು ನಡೆದದ್ದನ್ನು ಕಂಡವರು ಅವರೊಬ್ಬರೇ. ಶಾಲೆಗೆ ಸ್ಕೂಟರಿನಲ್ಲಿ ಹೋಗುವ ರೂಢಿಯಿದ್ದರೆ ಫಲಿತಾಂಶ ಬರುವವರೆಗೆ ಬಸ್ಸಿನಲ್ಲೇ ಹೋಗಿ.